ಮೂರು ಮೂಲೆ ಹೊಲಕ್ಕೆ ಬಾಯಿಪಾಠ ಸಾಲದು



ತ್ರಿಭುಜದ ವಿಸ್ತೀರ್ಣ ಎಷ್ಟು ಎಂದು ಕೇಳಿದರೆ ನಾವೆಲ್ಲ ಒಂದೇ ದನಿಯಲ್ಲಿ ‘ಪಾದ ಗುಣಿಸು ಎತ್ತರ, ಅದರ ಅರ್ಧ’ ಎನ್ನುತ್ತೇವೆ. ಆದರೆ ಹೊಲದಲ್ಲಿ ಎತ್ತರ ಎಲ್ಲಿದೆ? ಪುಸ್ತಕದ ಚಿತ್ರದಲ್ಲಿ ಚುಕ್ಕೆಗೆರೆ ಎಳೆದಿರುತ್ತಾರೆ. ಹೊಲದಲ್ಲಿ ಬರೀ ಮೂರು ಬದು ಇರುತ್ತವೆ.

ಹೋದ ವರ್ಷ ನಮ್ಮಪ್ಪ ಹಳ್ಳದ ದಂಡೆಯ ಒಂದು ಮೂರು ಮೂಲೆ ಹೊಲ ಲಾವಣಿ ಹಿಡಿದರು. ಬದುಗಳು 130, 140, 150 ಅಡಿ. “ಎರಡು ಬದು ಕೂಡಿಸಿ ಅರ್ಧ ಮಾಡ್ರಿ, ಮೂರನೇದರ ಅರ್ಧಕ್ಕ ಗುಣಸ್ರಿ” ಅಂದರು ಹೊಲದವರು. 130 ಮತ್ತು 150ರ ಅರ್ಧ 140. 140ರ ಅರ್ಧ 70. ಗುಣಿಸಿದರೆ 9800 ಚದರ ಅಡಿ. ಗುಂಟೆಗೆ 1089 ಚದರ ಅಡಿಯಂತೆ 9 ಗುಂಟೆ. ಅಪ್ಪ ರೊಕ್ಕ ಎಣಿಸಿದರು. ಪಕ್ಕದಲ್ಲೇ ನಿಂತಿದ್ದ ನಾನು “ಗುಣಾಕಾರ ಸರಿ ಐತಿ” ಅಂದೆ!

ಈ ವರ್ಷ ಪೈಥಾಗೊರಸ್ ಪ್ರಮೇಯ ಕಲಿತ ಮೇಲೆ ನನಗೆ ಸಂಶಯ ಬಂತು. ಹಗ್ಗಕ್ಕೆ ಗಂಟು ಹಾಕಿ 3, 4, 5 ಮೊಳದ ತ್ರಿಭುಜ ಮಾಡಿಕೊಂಡೆ. ಅದರ ಒಂದು ಮೂಲೆ ಲಂಬಕೋನ. 140 ಅಡಿಯ ಬದುವಿನ ಗುಂಟ ಅದನ್ನು ಸರಿಸುತ್ತ ಹೋದೆ. 50 ಅಡಿಗೆ ಬಂದಾಗ ಹಗ್ಗ ಎದುರಿನ ಮೂಲೆಗೆ ನೇರವಾಯಿತು. ಅಲ್ಲಿಂದ ಮೂಲೆಗೆ 120 ಅಡಿ. ಹೊಲ ಎರಡು ಲಂಬಕೋನ ತ್ರಿಭುಜವಾಯಿತು!

ತಾಳೆ ನೋಡಿರಿ: 50ರ ವರ್ಗ, 120ರ ವರ್ಗ ಕೂಡಿದರೆ 130ರ ವರ್ಗ. 90ರ ವರ್ಗ, 120ರ ವರ್ಗ ಕೂಡಿದರೆ 150ರ ವರ್ಗ. ಲಂಬಕೋನ ತ್ರಿಭುಜ ಎಂದರೆ ಆಯತದ ಅರ್ಧ. ಒಂದು ತುಂಡು 3000, ಇನ್ನೊಂದು 5400. ಒಟ್ಟು 8400 ಚದರ ಅಡಿ. 8 ಗುಂಟೆಯೂ ತುಂಬಲಿಲ್ಲ!

ಹೊಲದವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅದು ಹಳೆಯ ಕಾಲದ ಅಂದಾಜು ಲೆಕ್ಕ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಈ ಅಂದಾಜನ್ನೂ ಹೇಳಿ, ನಿಖರವಾದ ‘ಸೂಕ್ಷ್ಮ’ ಲೆಕ್ಕವನ್ನು ಬೇರೆಯೇ ಕೊಟ್ಟಿದ್ದಾರೆ. ನಾವು ಅಂದಾಜನ್ನಷ್ಟೇ ಉಳಿಸಿಕೊಂಡೆವು.

ಅಪ್ಪನಿಗೆ ತೋರಿಸಿದೆ. “ಹೋದ ವರ್ಷಾನ ಹೇಳಬಾರದಿತ್ತೇನವ್ವ?” ಅಂದರು. ಸೂತ್ರ ನನಗೆ ಹೋದ ವರ್ಷವೂ ಬರುತ್ತಿತ್ತು. ಎತ್ತರ ಹುಡುಕಲು ಬರುತ್ತಿರಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ: ಗಣಿತದ ಒಂದೆರಡು ತಾಸು ಹೊಲದಲ್ಲಿ ನಡೆಯಲಿ. ಹಗ್ಗ ನಾನು ತರುತ್ತೇನೆ.

— ಒಬ್ಬ ವಿದ್ಯಾರ್ಥಿನಿ