ಎದುರಾಳಿಗಾಗಿ ಕಣ್ಣೀರು

ಆಟದಲ್ಲಿ ಸೋಲು ಗೆಲುವು ಇದ್ದದ್ದೇ. ಆದರೆ ಆಡಬೇಕಾದ ತಂಡವೇ ಇಲ್ಲವಾದರೆ?

ಬ್ರೆಜಿಲ್ ದೇಶದ ಶಾಪೆಕೊ ಪಟ್ಟಣದ ಕಾಲ್ಚೆಂಡಿನ ತಂಡ ಶಾಪೆಕೊಯೆನ್ಸೆ. 2009ರಲ್ಲಿ ನಾಲ್ಕನೆಯ ದರ್ಜೆಯಲ್ಲಿದ್ದ ಈ ತಂಡ ಸ್ವಪ್ರಯತ್ನದಿಂದ ಮೇಲೇರಿ, 2016ರಲ್ಲಿ ದಕ್ಷಿಣ ಅಮೆರಿಕದ ‘ಕೋಪಾ ಸುಡಾಮೆರಿಕಾನಾ’ ಪಂದ್ಯಾವಳಿಯ ಅಂತಿಮ ಸುತ್ತು ತಲುಪಿತ್ತು. ಪಂದ್ಯಕ್ಕೆಂದು ಕೊಲಂಬಿಯಾ ದೇಶದ ಮೆಡೆಲಿನ್ ನಗರಕ್ಕೆ ಹೊರಟಿದ್ದ ಅವರ ವಿಮಾನ ನವೆಂಬರ್ 28ರ ರಾತ್ರಿ ಇಂಧನ ಮುಗಿದು ಬೆಟ್ಟಕ್ಕೆ ಅಪ್ಪಳಿಸಿತು. 77 ಮಂದಿಯಲ್ಲಿ ಬದುಕುಳಿದವರು ಆರೇ ಮಂದಿ. ಅವರಲ್ಲಿ ಆಟಗಾರರು ಮೂವರು.

ಶಾಪೆಕೊ ಜನ ತಮ್ಮ ಕ್ರೀಡಾಂಗಣದಲ್ಲಿ ಸೇರಿ ಅತ್ತರು, ಅದು ಸಹಜ. ಆದರೆ ಮೆಡೆಲಿನ್ ಜನ? ಪಂದ್ಯ ನಡೆಯಬೇಕಿದ್ದ ನವೆಂಬರ್ 30ರಂದು ಅವರು ಬಿಳಿಯ ಉಡುಪು ತೊಟ್ಟು, ಮೇಣದ ಬತ್ತಿ ಹಿಡಿದು, ತಮ್ಮ ಕ್ರೀಡಾಂಗಣವನ್ನು ತುಂಬಿದರು. ಒಳಗೆ ಸ್ಥಳ ಸಾಲದೆ ಸಾವಿರಾರು ಮಂದಿ ಹೊರಗೆ ನಿಂತರು. ಅವರ ತಂಡವಾದ ಅಟ್ಲೆಟಿಕೊ ನಾಸಿಯೊನಾಲ್, ಪ್ರಶಸ್ತಿಯನ್ನು ಶಾಪೆಕೊಯೆನ್ಸೆಗೇ ಕೊಡಬೇಕೆಂದು ಕೇಳಿಕೊಂಡಿತು. ಹಾಗೆಯೇ ಆಯಿತು.

ಇದು ಬರಿಯ ಬಾಯಿಮಾತಿನ ಅನುಕಂಪವೆನ್ನಲಾಗದು. ತಮಗೂ ದಕ್ಕಬಹುದಾಗಿದ್ದ ಕಪ್ಪನ್ನು ಬಿಟ್ಟುಕೊಡುವುದು ಸುಲಭವೇ? ಎದುರಾಳಿಯು ಶತ್ರುವಲ್ಲ, ಅವನಿಲ್ಲದೆ ನಮಗೆ ಆಟವೇ ಇಲ್ಲ. ಈ ಸತ್ಯವನ್ನು ಅರಿತವನೇ ನಿಜವಾದ ಅಭಿಮಾನಿ ಎಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿ ಮಿತ್ರರೇ, ಅಂತರಶಾಲಾ ಪಂದ್ಯಗಳಲ್ಲಿ ಎದುರು ತಂಡದ ಹುಡುಗ ಬಿದ್ದಾಗ ನಾವು ಕೇಕೆ ಹಾಕುವುದುಂಟು. ಅವನನ್ನು ಎತ್ತಲು ಕೈ ನೀಡುವುದಕ್ಕೆ ದೊಡ್ಡ ದುರಂತವೇ ನಡೆಯಬೇಕೆ? ಹೆತ್ತವರೂ ಮಕ್ಕಳನ್ನು “ಗೆದ್ದೆಯಾ?” ಎಂದು ಕೇಳುವಾಗ, “ಹೇಗೆ ಆಡಿದೆ?” ಎಂದೂ ಕೇಳಲಿ.