ಊರೆಂದರೆ ಯಾವುದು?

ಬೇಸಗೆ ರಜೆಯಲ್ಲಿ ಊರಿಗೆ ಹೊರಟಾಗ ನಮ್ಮ ಮಕ್ಕಳು, “ಯಾವ ಊರಿಗೆ?” ಎಂದು ಕೇಳುವುದುಂಟು. ಕಾಸರಗೋಡಿಗೆ ದೂರವಲ್ಲದ ತಲಶ್ಶೇರಿಯಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರಿಗೆ 1842ರಲ್ಲಿ ಮಗಳು ಮೇರಿ ಹುಟ್ಟಿದಳು. ಕೆಲವೇ ವರ್ಷಗಳಲ್ಲಿ ಅವರು ಸಂಸಾರ ಸಮೇತ ರಜೆಯ ಮೇಲೆ ಯುರೋಪಿಗೆ ಹೊರಟರು. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ; ಪ್ರಯಾಣವೇ ಬಲು ದೀರ್ಘ. ತಂದೆಗೆ ಅದು ಸ್ವದೇಶ. ಮಗುವಿಗೋ ಕಂಡರಿಯದ ಸೀಮೆ. ರಜೆ ಮುಗಿದು ತಾಯಿತಂದೆಯರು ಮರಳಿದರು, ಮೇರಿ ಅಲ್ಲಿಯೇ ಉಳಿದಳು. ಮಿಷನರಿಗಳ ಮಕ್ಕಳ ವಿದ್ಯಾಭ್ಯಾಸಕ್ಕೆ ಅಂದು ಅದೇ ರೂಢಿ. ನಮ್ಮ ಮನಸ್ಸು ಮಾತ್ರ ಅದನ್ನು ಒಪ್ಪದು. ಅವಳು ಭಾರತವನ್ನು ಮತ್ತೆ ಕಂಡದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಸಾಹಿತಿ ಹರ್ಮನ್ ಹೆಸ್ಸೆಯ ತಾಯಿ ಇವಳೇ. ಇಲ್ಲಿಕ್ಕುನ್ನಿನಲ್ಲಿ ಗುಂಡರ್ಟರ ಬಂಗಲೆ ಇಂದಿಗೂ ಇದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇವೆ.