ಆಸ್ಪತ್ರೆ ಧರ್ಮವಲ್ಲ, ಹಕ್ಕು

ಸರ್ಕಾರಿ ಆಸ್ಪತ್ರೆಯನ್ನು ನಮ್ಮ ಹಿರಿಯರು ಧರ್ಮಾಸ್ಪತ್ರೆ ಎನ್ನುತ್ತಿದ್ದರು. ಆ ಹೆಸರು ಮರೆಯಾಗುತ್ತ ಬಂದರೂ ಅದರ ಹಿಂದಿನ ಧೋರಣೆ ಮರೆಯಾಗಿಲ್ಲ. ಕೊಟ್ಟಷ್ಟು ಪಡೆದು ಕೈಮುಗಿದು ಹೊರಡಬೇಕೆಂಬ ಆ ಧೋರಣೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ದುಡಿಯುವ ಜನರನ್ನು ಇಂದಿಗೂ ಕಾಡುತ್ತಿದೆ. ಉತ್ತಮ ಚಿಕಿತ್ಸೆ ಪ್ರತಿಯೊಬ್ಬ ಪ್ರಜೆಯ ಹಕ್ಕು, ಅದನ್ನು ಒದಗಿಸುವುದು ಸರ್ಕಾರದ ಕರ್ತವ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇದು ಹೊಸ ಬೇಡಿಕೆಯೇನಲ್ಲ. ಹಣವಿಲ್ಲದ ಕಾರಣಕ್ಕೆ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ಹೇಳಿತು. ಯುದ್ಧದಿಂದ ಜರ್ಜರಿತವಾಗಿದ್ದ ಬ್ರಿಟನ್ 1948ರಲ್ಲಿ ತನ್ನ ಎಲ್ಲ ಪ್ರಜೆಗಳಿಗೂ ಉಚಿತ ವೈದ್ಯಸೇವೆ ಆರಂಭಿಸಿತು. ನಮ್ಮ ಸಂವಿಧಾನದ 47ನೆಯ ವಿಧಿ ಜನಾರೋಗ್ಯದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಸೇರಿಸಿಕೊಳ್ಳದೆ ಕಳಿಸಿದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತು, ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸಾರಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ಒಪ್ಪತಕ್ಕದ್ದಲ್ಲವೆಂದೂ ಹೇಳಿತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ಗಾದೆ. 2022ರ ನವೆಂಬರಿನಲ್ಲಿ, ಹೆರಿಗೆನೋವಿನಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಬಂದ ಬಡ ಹೆಂಗಸೊಬ್ಬಳನ್ನು ತಾಯಿ ಕಾರ್ಡು, ಆಧಾರ್ ಕಾರ್ಡು ಇಲ್ಲವೆಂದು ಹಿಂದಿರುಗಿಸಿದ ಸುದ್ದಿ ನಾಡನ್ನೇ ನಾಚಿಸಿತು. ಆಕೆಯೂ ಅವಳಿ ಕೂಸುಗಳೂ ಮನೆಯಲ್ಲೇ ಪ್ರಾಣಬಿಟ್ಟರು. 2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅಲ್ಲಿ ಬಾಗಿಲು ತೆರೆಯಲಿಲ್ಲ. ಇಲ್ಲಿ ತೆರೆದ ಬಾಗಿಲೊಳಗೆ ಜೀವ ಉಳಿಯಲಿಲ್ಲ. ಎರಡು ಬಾರಿಯೂ ಕೆಲವು ಸಿಬ್ಬಂದಿಯ ಮೇಲೆ ಕ್ರಮವಾಯಿತು. ಅಷ್ಟರಿಂದಲೇ ವ್ಯವಸ್ಥೆ ನೆಟ್ಟಗಾಗುವುದೆ?

ಕಾರ್ಡುಗಳಿವೆಯಲ್ಲ ಎನ್ನುವವರುಂಟು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಡುರಾತ್ರಿ ಪಾವಗಡದಲ್ಲಿ ಹೆರಿಗೆ ಕಷ್ಟವಾಗಿ, ಸುಮಾರು 100 ಕಿಲೋಮೀಟರು ದೂರದ ತುಮಕೂರಿಗೆ ಓಡಬೇಕಾಗಿ ಬಂದರೆ, ಸೆರಗಿನಲ್ಲಿ ಕಟ್ಟಿದ ಕಾರ್ಡು ರಕ್ತಸ್ರಾವವನ್ನು ನಿಲ್ಲಿಸೀತೆ? ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು ಕುಡಿದು ಬಾಗಿದ ಮೂಳೆಗೆ ಯಾವ ಕಾರ್ಡಿನಲ್ಲಿ ಮದ್ದಿದೆ? ಅದಕ್ಕೆ ಬೇಕಾದ್ದು ಶುದ್ಧ ನೀರು. ಅದನ್ನು ಯಾವ ಖಾಸಗಿ ಆಸ್ಪತ್ರೆಯೂ ಊರೂರಿಗೆ ಹರಿಸಿಕೊಡದು.

ತೆರಿಗೆ ಕೊಡುವವರು ನಾವು, ಎಲ್ಲರಿಗೂ ಉಚಿತವೇಕೆ ಎಂದು ಕೇಳುವ ಅಂಗಡಿಕಾರ ಮಿತ್ರರಿಗೆ ಒಂದು ಮಾತು. ನಿಮ್ಮಲ್ಲಿ ಸೋಪು ಕೊಳ್ಳುವ ಕೂಲಿಯವಳೂ ತೆರಿಗೆ ಕೊಡುತ್ತಾಳೆ. ಬಿ.ಪಿ.ಎಲ್. ಪಟ್ಟಿಯಲ್ಲಿಲ್ಲದ ನಿಮಗೆ ಅದೇ ಯೋಜನೆ ಕೊಡುವುದು ನಿಗದಿಯಾದ ದರದಲ್ಲಿ ಶೇ. 30 ಮಾತ್ರ. ಮಿಕ್ಕದ್ದಕ್ಕೆ ಅಂಗಡಿಯ ಬಂಡವಾಳವೇ ಕರಗಬೇಕು. ಗಿರಣಿ ಕಾರ್ಮಿಕನಿಗೆ ಇ.ಎಸ್.ಐ. ಉಂಟೆನ್ನುತ್ತಾರೆ; ಹತ್ತು ಮಂದಿಗಿಂತ ಕಡಮೆ ಆಳುಗಳಿರುವ ಎಣ್ಣೆಗಿರಣಿಗೆ ಅದು ಕಡ್ಡಾಯವಲ್ಲ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಟ್ಟು ನಮ್ಮನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಲಾಗಿದೆ. ಕೂಲಿಕಾರ, ಅಂಗಡಿಕಾರ, ತಹಶೀಲ್ದಾರ ಮೂವರೂ ಒಂದೇ ಸಾಲಿನಲ್ಲಿ ನಿಂತ ದಿನ ಔಷಧದ ಬೀರು ತಾನಾಗಿ ತುಂಬುತ್ತದೆ. ವೈದ್ಯರ ಕುರ್ಚಿ ಖಾಲಿಯಿರುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆ, ಮಕ್ಕಳ, ಶಸ್ತ್ರಚಿಕಿತ್ಸೆಯ ಹಾಗೂ ಅರಿವಳಿಕೆಯ ತಜ್ಞರು ಹಗಲಿರುಳೂ ದೊರೆಯಬೇಕು. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂಬ ಫಲಕ ಬಾಗಿಲಲ್ಲೇ ಇರಬೇಕು. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಕಾರ್ಮಿಕರಿಗೂ ವರ್ತಕರಿಗೂ ಸ್ಥಾನವಿರಬೇಕು, ಅವುಗಳ ಲೆಕ್ಕ ಜನರ ಮುಂದಿರಬೇಕು. ಊರೂರಿಗೂ ಫ್ಲೋರೈಡ್ ಇಲ್ಲದ ನೀರು ಬರಬೇಕು.

ಮತ ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ಅಂಗಡಿಯ ಕಟ್ಟೆಯ ಮೇಲೂ ಗಿರಣಿಯ ಬಾಗಿಲಲ್ಲೂ ನಿಲ್ಲಿಸಿ ಕೇಳಿರಿ: ನಿಮ್ಮ ಮನೆಯವರಿಗೆ ಜ್ವರ ಬಂದರೆ ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಕರೆತರುವಿರಾ? ಧೈರ್ಯವಾಗಿ ಹೂಂ ಎನ್ನುವಂತೆ ಆಸ್ಪತ್ರೆಯನ್ನು ಮಾಡಿಸುವವರೆಗೆ ನಾವು ಸುಮ್ಮನಿರಲಾಗದು.